ಇಲಿಯ ಕಿವಿ, ಮಾವನ ಮಣಿಕಟ್ಟು

ನಿನ್ನೆ ಮಾವ ಟೊಮೇಟೊ ಅಂಗಮಾರಿಗೆ ಔಷಧಿ ಹೊಡೆದು ಬಂದರು. ಮ್ಯಾಂಕೋಜೆಬ್, ಆ ಹಳದಿ ಪುಡಿ. ರಾತ್ರಿಯೆಲ್ಲ ಮಣಿಕಟ್ಟು ಕೆರೆದುಕೊಳ್ಳುತ್ತಾ ಕೂತಿದ್ದರು. "ಹೋದ ವರ್ಷ ಇದನ್ನೇ ಹೊಡೆದಿದ್ದೆ, ಏನೂ ಆಗಿರಲಿಲ್ಲ ಕಣಪ್ಪ" ಅಂದರು.

ಅಲರ್ಜಿ ಹಾಗೇ ಅಲ್ವಾ. ಮೊದಮೊದಲು ಮೈ ಸುಮ್ನೆ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಸಿಟ್ಟು ತೋರಿಸುವುದು ಆಮೇಲೆ. ಲ್ಯಾಬಿನಲ್ಲಿ ಇದನ್ನು ಇಲಿಯ ಕಿವಿಯಲ್ಲಿ ನೋಡುತ್ತಾರೆ. ಪರೀಕ್ಷಿಸಬೇಕಾದ ವಸ್ತುವನ್ನು ದ್ರಾವಕದಲ್ಲಿ ಕರಗಿಸಿ, ಮೂರು ದಿನ ಕಿವಿಯ ಹಿಂಬದಿಗೆ 25 ಮೈಕ್ರೋಲೀಟರ್ ಹಚ್ಚುವುದು, ಹೆಚ್ಚುಕಡಿಮೆ ಅರ್ಧ ಹನಿ. ಆರನೇ ದಿನ ಹತ್ತಿರದ ಲಿಂಫ್ ಗ್ರಂಥಿಯಲ್ಲಿ, ಅಂದರೆ ಮೈಯ ರಕ್ಷಣಾ ಕೋಶಗಳು ಸೇರುವ ಗಂಟಿನಲ್ಲಿ, ಜೀವಕೋಶಗಳು ಎಷ್ಟು ಬೆಳೆಯುತ್ತಿವೆ ಅಂತ ಅಳೆಯುವುದು. ವಸ್ತು ಬೆರೆಸದ ಬರೀ ದ್ರಾವಕ ಹಚ್ಚಿದ ಇಲಿಗಿಂತ 3 ಪಟ್ಟು ಅಥವಾ ಜಾಸ್ತಿ ಇದ್ದರೆ ಅದು ಅಲರ್ಜಿ ತರುವ ವಸ್ತು.

ನನ್ನ ತಲೆ ಕೆಡಿಸಿದ್ದು ಜಪಾನಿನ ಒಂದು ಪ್ರಯೋಗ. ಇಲಿಗಳಿಗೆ ಮೊದಲು ಪ್ಯಾರಾಥಿಯಾನ್ ಅಥವಾ ಮೆಥಾಕ್ಸಿಕ್ಲೋರ್ ಅನ್ನುವ ಕೀಟನಾಶಕ ಬಾಯಿಗೆ ಕೊಟ್ಟರು. ಆಮೇಲೆ ಬೇರೆಯೇ ಅಲರ್ಜಿ ವಸ್ತುವನ್ನು ಕಿವಿಗೆ ಹಚ್ಚಿದರು. ಕೀಟನಾಶಕ ತಿಂದಿದ್ದ ಇಲಿಗಳಲ್ಲಿ ಪ್ರತಿಕ್ರಿಯೆ ಜೋರಾಗಿತ್ತು. ಹೊಟ್ಟೆಗೆ ಹೋದದ್ದು ಚರ್ಮದ ಜಗಳಕ್ಕೆ ಕೈಜೋಡಿಸಿತ್ತು! ಇಲಿಗೆ ಆದದ್ದೆಲ್ಲ ನಮಗೂ ಆಗಬೇಕಂತಿಲ್ಲ, ಸರಿ.

ಮ್ಯಾಂಕೋಜೆಬ್ ಪ್ಯಾಕೆಟ್ ತಿರುಗಿಸಿ ನೋಡಿದೆ. ಹಸಿರು ತ್ರಿಕೋನ. ಮಾವ ಅದನ್ನು 'ಏನೂ ಆಗಲ್ಲ' ಅಂತ ಓದಿಕೊಂಡಿದ್ದರು. ಆ ಬಣ್ಣ ಹೇಳುವುದು ನುಂಗಿದರೆ, ಮೈಗೆ ತಗುಲಿದರೆ ಎಷ್ಟು ವಿಷ ಅನ್ನುವುದನ್ನು. ತುರಿಕೆಯ ಲೆಕ್ಕ ಅದರಲ್ಲಿಲ್ಲ.

ಗ್ಲೌಸು, ತುಂಬುತೋಳಿನ ಅಂಗಿ ತಂದಿಟ್ಟಿದ್ದೇನೆ. "ಈ ಸೆಕೇಲಿ ಯಾರಪ್ಪ ಹಾಕ್ಕೊಳ್ತಾರೆ" ಅಂತ ಪಂಪು ಹೆಗಲಿಗೇರಿಸಿ ಹೊರಟೇಬಿಟ್ಟರು.