ಗ್ರಾಫ್ ನಡುವಿನ ಖಾಲಿ ಜಾಗ: ನಾಲ್ಕು ಸಂಜೆಯ ಹುಡುಕಾಟ

ಮೊದಲ ಸಂಜೆ

ಮನೆಯ ನೆಟ್‌ವರ್ಕ್ ಮೇಲೆ ಕಣ್ಣಿಡಲು ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟುಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡಿಸುವ ಕ್ರಾನ್, ನಿಮಿಷಕ್ಕೊಮ್ಮೆ ನನ್ನ ಸ್ಕ್ರಿಪ್ಟನ್ನು (ನಾನು ಬರೆದ ಚಿಕ್ಕ ಪ್ರೋಗ್ರಾಂ) ಓಡಿಸುತ್ತದೆ. ರೂಟರ್, ಪ್ರಿಂಟರ್, ಎರಡು ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಒಂದುಗೂಡಿಸುವ ಪೆಟ್ಟಿಗೆ), ಕೊನೆಗೆ ವೈ-ಫೈ ಕೊಡುವ ಆಕ್ಸೆಸ್ ಪಾಯಿಂಟ್. ಇದೇ ಕ್ರಮದಲ್ಲಿ ಒಂದೊಂದನ್ನೇ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ಭಾಷೆ) ಮೂಲಕ ವಿಚಾರಿಸಿ, ಬಂದ ಅಂಕಿಯನ್ನು ಆರ್‌ಆರ್‌ಡಿಟೂಲ್ (ಹೊತ್ತುಹೊತ್ತಿನ ಅಂಕಿ ಕೂಡಿಟ್ಟು ಗ್ರಾಫ್ ಬಿಡಿಸುವ ತಂತ್ರಾಂಶ) ಫೈಲಿಗೆ ಬರೆಯುತ್ತದೆ.

ನಿನ್ನೆ ವಿಡಿಯೊ ಕಾಲ್ ಪದೇಪದೇ ಕಟ್ ಆಯಿತು. ಆ ಹೊತ್ತಿನಲ್ಲಿ ಏನಾಗಿತ್ತು ಅಂತ ಗ್ರಾಫ್ ತೆರೆದರೆ, ಸ್ವಿಚ್‌ನ ಗೆರೆ ಹಲ್ಲು ಮುರಿದ ಬಾಚಣಿಗೆಯ ಹಾಗಿದೆ. ಅಲ್ಲಲ್ಲಿ ಎರಡು ಮೂರು ನಿಮಿಷ ಖಾಲಿ.

ಗಮನಿಸಿ, ಗೆರೆ ಸೊನ್ನೆಗೆ ಇಳಿದಿಲ್ಲ. ಗೆರೆಯೇ ಇಲ್ಲ. ಸೊನ್ನೆ ಅಂದರೆ ‘ಕೇಳಿದೆ, ಏನೂ ಹರಿಯುತ್ತಿರಲಿಲ್ಲ’ ಅಂತ. ಖಾಲಿ ಅಂದರೆ ‘ಗೊತ್ತಿಲ್ಲ’ ಅಂತ. ಎರಡಕ್ಕೂ ಅಜಗಜಾಂತರ. ಖಾಲಿ ಜಾಗ ಕಂಡ ತಕ್ಷಣ ಇಂಟರ್ನೆಟ್ ಹೋಗಿತ್ತು ಅಂದುಕೊಂಡರೆ ಹುಡುಕಾಟ ಶುರುವಿನಲ್ಲೇ ದಾರಿ ತಪ್ಪುತ್ತದೆ. ಖಚಿತ ಮಾಡಿಕೊಳ್ಳಲು ಆರ್‌ಆರ್‌ಡಿಟೂಲ್‌ನ ಫೆಚ್ ಆದೇಶ ಕೊಟ್ಟು ನೋಡಿದೆ. ಸಾಲಾಗಿ ಅಂಕಿಗಳು, ನಡುವೆ ಎರಡು ಸಾಲು ‘ನ್ಯಾನ್’ (ಅಂಕಿ ಇಲ್ಲ ಅನ್ನುವ ಗುರುತು), ಮತ್ತೆ ಅಂಕಿ. ಅಂದರೆ ಚಿತ್ರ ಬಿಡಿಸುವಾಗ ಆದ ತಪ್ಪಲ್ಲ. ಫೈಲಿನಲ್ಲೇ ಇಲ್ಲ.

ಎರಡನೇ ಸಂಜೆ

ಇಷ್ಟು ದಿನ ಇದು ಕಣ್ಣಿಗೆ ಬೀಳದೆ ಇದ್ದದ್ದು ಯಾಕೆ ಅನ್ನೋದು ಗೊತ್ತಾಯಿತು. ನಾನು ದಿನಾ ನೋಡುವುದು ವಾರದ ಗ್ರಾಫ್. ಅದರ ಒಂದೊಂದು ಬಿಂದುವೂ 30 ನಿಮಿಷಗಳ ಸರಾಸರಿ. ಫೈಲ್ ಮಾಡುವಾಗ ಎಕ್ಸ್‌ಎಫ್‌ಎಫ್ ಬೆಲೆ 0.5 ಕೊಟ್ಟಿದ್ದೆ. ಅರ್ಧದವರೆಗೆ ಅಂಕಿ ಸಿಗದಿದ್ದರೂ, ಉಳಿದವುಗಳ ಸರಾಸರಿ ತೆಗೆದು ಬಿಂದು ಹಾಕು ಅಂತ ಅದರ ಅರ್ಥ. ಮೂರು ನಿಮಿಷದ ತೂತು ಅಲ್ಲಿ ಕಾಣೋದೇ ಇಲ್ಲ. ಇನ್ನು ಮೇಲೆ ದಿನದ ಗ್ರಾಫನ್ನೇ ನೋಡಬೇಕು.

ಎಸ್‌ಎನ್‌ಎಂಪಿ ಪ್ರಶ್ನೆ ಹೋಗುವುದು ಯುಡಿಪಿ ಅನ್ನುವ ಸಾಗಣೆ ವಿಧಾನದಲ್ಲಿ, 161ನೇ ಪೋರ್ಟಿಗೆ (ಸಾಧನದೊಳಗಿನ ವಿಳಾಸ ಸಂಖ್ಯೆ). ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೆ ಯುಡಿಪಿ ತಾನಾಗಿ ಮತ್ತೆ ಕಳಿಸುವುದಿಲ್ಲ. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ ಇತ್ತು. ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಸ್ವಿಚ್ ಕೇಳಿದ ತಕ್ಷಣ ಉತ್ತರ ಕೊಡುತ್ತಿದೆ, ಒಂದೂ ತಪ್ಪಿಲ್ಲ. ಆದರೆ ಇನ್ನೊಂದು ವಿಷಯ ಕಂಡಿತು: ಕೆಲವೊಮ್ಮೆ ಸ್ವಿಚ್‌ಗೆ ಪ್ರಶ್ನೆಯೇ ತಡವಾಗಿ ಹೋಗುತ್ತಿದೆ. ಮತ್ತೆ ಗ್ರಾಫ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ರೂಟರ್ ಗೆರೆ ಪೂರ್ತಿ ಇದೆ. ಎರಡೂ ಸ್ವಿಚ್, ಆಕ್ಸೆಸ್ ಪಾಯಿಂಟ್ ಮಾತ್ರ ಒಂದೇ ಹೊತ್ತಿಗೆ ತೂತು. ಪಟ್ಟಿಯಲ್ಲಿ ಇವುಗಳ ಮುಂಚೆ ಇರುವುದು ಪ್ರಿಂಟರ್.

ಮೂರನೇ ಸಂಜೆ

ಸ್ಕ್ರಿಪ್ಟ್ ಶುರುವಾದ ಸಮಯ, ಮುಗಿದ ಸಮಯ ಎರಡನ್ನೂ ಬರೆದಿಡುವಂತೆ ಮಾಡಿದೆ. ಸಾಮಾನ್ಯವಾಗಿ 9 ಸೆಕೆಂಡ್. ಪ್ರಿಂಟರ್ ಆಫ್ ಇದ್ದಾಗ 81!

ಲೆಕ್ಕ ಹಾಕಿದರೆ ಕರಾರುವಾಕ್ಕಾಗಿ ಕೂರುತ್ತದೆ. ಪ್ರಶ್ನೆ ಕಳಿಸುವ ನೆಟ್-ಎಸ್‌ಎನ್‌ಎಂಪಿ ತಂತ್ರಾಂಶ ಉತ್ತರಕ್ಕೆ 1 ಸೆಕೆಂಡ್ ಕಾಯುತ್ತದೆ, ಬರದಿದ್ದರೆ ಇನ್ನೂ 5 ಸಲ ಕೇಳುತ್ತದೆ. ನಾವು ಬೇರೆ ಹೇಳದಿದ್ದರೆ ಅದರ ಪದ್ಧತಿ ಇದೇ. ಅಂದರೆ ಒಂದು ಪ್ರಶ್ನೆಗೆ 6 ಸೆಕೆಂಡ್. ಪ್ರಿಂಟರ್‌ಗೆ ನಾನು ಕೇಳುತ್ತಿದ್ದದ್ದು 12 ಬಿಡಿ ಪ್ರಶ್ನೆ: ಟೋನರ್, ಪುಟಗಳ ಎಣಿಕೆ, ಹೀಗೆ. ಒಟ್ಟು 72 ಸೆಕೆಂಡ್ ಸುಮ್ನೆ ಕಾಯುವುದೇ.

ಒಂದು ಓಟ ಮುಗಿಯದೆ ಇನ್ನೊಂದು ಶುರುವಾಗದಿರಲಿ ಅಂತ ಎಫ್‌ಲಾಕ್ ಹಾಕಿದ್ದೆ. ಹಾಗಾಗಿ ಮುಂದಿನ ನಿಮಿಷದ ಓಟ ತಪ್ಪಿ, ಅಂಕಿ 120 ಸೆಕೆಂಡಿಗೊಮ್ಮೆ ಬರತೊಡಗಿತು. ಫೈಲಿನ ಹಾರ್ಟ್‌ಬೀಟ್ ಕೂಡ 120. ಎರಡು ಅಂಕಿಗಳ ನಡುವಿನ ಅಂತರ ಹಾರ್ಟ್‌ಬೀಟ್ ದಾಟಿದರೆ ಆರ್‌ಆರ್‌ಡಿಟೂಲ್ ಆ ಇಡೀ ಅಂತರವನ್ನು ‘ಗೊತ್ತಿಲ್ಲ’ ಅಂತ ಬರೆಯುತ್ತದೆ. ಪಟ್ಟಿಯಲ್ಲಿ ಮೊದಲಿರುವ ರೂಟರ್‌ಗೆ ಪ್ರತಿ ಸಲವೂ ಸರಿಯಾಗಿ 120, ಮಿತಿ ದಾಟಲಿಲ್ಲ. ಪ್ರಿಂಟರ್ ಆದ ಮೇಲೆ ಬರುವವುಗಳಿಗೆ ಸೆಕೆಂಡ್ ಎರಡು ಸೆಕೆಂಡ್ ಹಿಂದೆಮುಂದೆ ಆಗುತ್ತದೆ. 121 ಆದರೆ ಸಾಕು, ತೂತು. ಅದಕ್ಕೇ ಒಮ್ಮೆ ಬರುವುದು, ಒಮ್ಮೆ ಬರದಿರುವುದು.

ಹಾರ್ಟ್‌ಬೀಟನ್ನು 600ಕ್ಕೆ ಏರಿಸಿದ್ದರೆ ಎಲ್ಲ ತೂತೂ ಒಂದೇ ಏಟಿಗೆ ಮುಚ್ಚಿಹೋಗುತ್ತಿತ್ತು. ಅದು ನನಗೆ ಬೇಡ. ಹತ್ತು ನಿಮಿಷ ಸ್ವಿಚ್ ಸತ್ತಿದ್ದರೂ ನೆಟ್ಟಗೆ ಗೆರೆ ಎಳೆಯುವ ಗ್ರಾಫ್ ಇಟ್ಟುಕೊಂಡು ಏನು ಮಾಡಲಿ? ಮೊದಲು ಕಾರಣ ಸರಿಮಾಡಿದೆ. ಪ್ರತಿ ಸಾಧನಕ್ಕೂ ಮೊದಲು ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯಿತು) ಒಂದನ್ನೇ ಕೇಳಿ, ಉತ್ತರ ಬರದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮರುಪ್ರಯತ್ನ 1ಕ್ಕೆ ಇಳಿಸಿದೆ. ಐದನ್ನೂ ಒಟ್ಟಿಗೇ ವಿಚಾರಿಸುವ ಹಾಗೆ ಮಾಡಿದೆ. ಈಗ ಪ್ರಿಂಟರ್ ಆಫ್ ಇದ್ದರೂ 4 ಸೆಕೆಂಡ್.

ಆಮೇಲೆ ಹಾರ್ಟ್‌ಬೀಟನ್ನು ಟ್ಯೂನ್ ಆದೇಶದಿಂದ 180 ಮಾಡಿದೆ. ಒಂದು ಸಲ ತಪ್ಪಿದರೆ ಪರವಾಗಿಲ್ಲ ಅನ್ನುವಷ್ಟು ಸಡಿಲ. ಕೌಂಟರ್ ಬಗೆಯ ಅಂಕಿ ಏರುತ್ತಲೇ ಹೋಗುವ ಎಣಿಕೆ ಆದ್ದರಿಂದ ಒಂದು ಓದು ತಪ್ಪಿದರೂ ಒಟ್ಟು ಬೈಟ್ ಕಳೆಯುವುದಿಲ್ಲ, ಎರಡು ನಿಮಿಷಕ್ಕೆ ಹರಡಿಕೊಳ್ಳುತ್ತದೆ ಅಷ್ಟೇ.

ನಾಲ್ಕನೇ ಸಂಜೆ

ಇನ್ನೂ ಒಂದು ತೂತು ಉಳಿದಿತ್ತು. ಸ್ವಿಚ್‌ನ ಒಂದೇ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ), ರಾತ್ರಿ ಬ್ಯಾಕಪ್ ಓಡುವ ಹೊತ್ತಿಗೇ. ಟ್ರಾಫಿಕ್ ಎಲ್ಲಕ್ಕಿಂತ ಜಾಸ್ತಿ ಇರುವಾಗಲೇ ಗೆರೆ ಮಾಯ ಆಗುತ್ತಿದೆ ಅಂದರೆ ಮಿತಿಯದ್ದೇ ಕೆಲಸ ಅನ್ನಿಸಿತು. ಇನ್‌ಫೋ ಆದೇಶದಲ್ಲಿ ನೋಡಿದೆ. ಮ್ಯಾಕ್ಸ್ (ಫೈಲ್ ನಂಬುವ ಗರಿಷ್ಠ ವೇಗ) ಸೆಕೆಂಡಿಗೆ 12500000 ಬೈಟ್, ಅಂದರೆ 100 ಮೆಗಾಬಿಟ್. ಫೈಲ್ ಹಳೇ ಸ್ವಿಚ್ ಕಾಲದ್ದು. ಈಗಿನದು ಗಿಗಾಬಿಟ್. ಮಿತಿ ಮೀರಿದ ವೇಗವನ್ನು ನಂಬಬೇಡ ಅಂತ ನಾನೇ ಹೇಳಿಟ್ಟಿದ್ದೆ, ಅದು ಹಾಗೇ ಮಾಡಿತು. 125000000ಕ್ಕೆ ಏರಿಸಿದೆ.

ಜೊತೆಗೆ 32 ಬಿಟ್ ಕೌಂಟರ್ ಬಿಟ್ಟು 64 ಬಿಟ್‌ನದ್ದಕ್ಕೆ ಬಂದೆ. ಗಿಗಾಬಿಟ್ ಪೂರ್ತಿ ಹರಿದರೆ 32 ಬಿಟ್ ಕೌಂಟರ್ ಸುಮಾರು 34 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಿಮಿಷಕ್ಕೊಮ್ಮೆ ಕೇಳಿದರೆ ನಡುವೆ ಎಷ್ಟು ಸುತ್ತು ಆಯಿತು ಅಂತ ಹೇಳೋರು ಯಾರು? ಆಗ ಗೆರೆ ಇರುತ್ತದೆ, ಆದರೆ ಸುಳ್ಳು ಗೆರೆ. ನನ್ನ ಲೆಕ್ಕದಲ್ಲಿ ಅದು ತೂತಿಗಿಂತ ಕೆಟ್ಟದ್ದು. ಕೌಂಟರ್ ಬದಲಿಸಿದ ಕ್ಷಣ ಅಂಕಿ ದಿಢೀರನೆ ನೆಗೆಯಿತು. ಮ್ಯಾಕ್ಸ್ ಮಿತಿ ಅದನ್ನು ತಡೆದು ಒಂದು ಚಿಕ್ಕ ಖಾಲಿ ಜಾಗ ಬಿಟ್ಟಿದೆ. ಅದು ಇರಬೇಕಾದ ಜಾಗವೇ. ಹಳೇ ತೂತುಗಳನ್ನೂ ಹಾಗೇ ಬಿಟ್ಟಿದ್ದೇನೆ.

ಸ್ಕ್ರಿಪ್ಟ್ ಓಡುವ ಅವಧಿಗೂ ಈಗ ಒಂದು ಗ್ರಾಫ್ ಇದೆ. ಇವತ್ತು ಮಧ್ಯಾಹ್ನ ಕಾಲ್ ಮತ್ತೆ ಕಟ್ ಆಯಿತು. ಈ ಸಲ ಗೆರೆ ಪೂರ್ತಿ ಇತ್ತು. ಅದೇ ನಿಮಿಷದಲ್ಲಿ ಆಕ್ಸೆಸ್ ಪಾಯಿಂಟ್ ಇರುವ ಪೋರ್ಟಿನ ಇನ್‌ಪುಟ್ ಎರರ್ (ಕೆಟ್ಟು ಬಂದ ಪ್ಯಾಕೆಟ್‌ಗಳ ಎಣಿಕೆ) ಏರಿರುವುದು ಚೆನ್ನಾಗಿ ಕಾಣುತ್ತಿದೆ. ಆ ಕೇಬಲ್ ಬದಲಿಸಿದ್ದೇನೆ. ಎರಡು ದಿನ ನೋಡಿ ಮುಂದಿನದು ಬರೆಯುತ್ತೇನೆ.