ನೊರೆಗೂಡು ಕೊನೆಗೂ ನಿಂತಿತು

ಇವತ್ತು ಹಲ್ಲುಜ್ಜುವ ಮೊದಲೇ ಮೀನಿನ ಟ್ಯಾಂಕ್ ಮುಂದೆ ಕೂತೆ. ಕಾಡು ಬಾದಾಮಿ ಎಲೆಯಡಿ, ಮೊಟ್ಟೆಗಾಗಿ ಗಾಳಿಗುಳ್ಳೆಗಳಿಂದ ಕಟ್ಟಿದ ನೊರೆಗೂಡು ಹಾಗೇ ಇದೆ! ಗಂಡು ಕುಪಾನಸ್ ಮೀನು ಅದರ ಕೆಳಗೆ ಕಾವಲು ನಿಂತಿದೆ. ಹೆಣ್ಣು ಮಸಿ ಬಳಿದ ಹಾಗೆ ಕಪ್ಪಾಗಿ ಮೂಲೆ ಸೇರಿದೆ. ಇದು ಐದನೇ ಗೂಡು. ಹಿಂದಿನ ನಾಲ್ಕೂ ಬೆಳಗಾಗುವುದರೊಳಗೆ ಮಾಯ.

ತಪ್ಪು ನನ್ನದೇ. ಕುಮಟಾದ ಗದ್ದೆ ಕಾಲುವೆಯ ಮೀನನ್ನೂ ಶಿರಸಿ ಕಡೆಯ ಹಳ್ಳದ ಮೀನನ್ನೂ ಒಂದೇ ಮೂರಡಿ ಟ್ಯಾಂಕಿನಲ್ಲಿ ಸಂಸಾರ ಮಾಡಿಸುವ ಹುಚ್ಚು. ಗದ್ದೆಯ ಕುಪಾನಸ್ ಮೇಲೆ ಬಂದು ಗಾಳಿ ನುಂಗುವ ಜಾತಿ, ಅದಕ್ಕೆ ನಿಂತ ನೀರೇ ಸೈ. ಹಳ್ಳದ ಕಲ್ಲಡಿ ಇರುವ ಸಿಸ್ಟೂರಾ ಮೀನಿಗೆ ಹರಿಯುವ, ತಂಪು ನೀರಿನ ಅಭ್ಯಾಸ. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ನಮ್ಮ ಕರಾವಳಿಯ ಮೇ ತಿಂಗಳು ಗೊತ್ತಲ್ಲ! ನೀರು ಹರಿಸುವ ಪುಟ್ಟ ಪಂಪು, ಅಂದರೆ ಪವರ್‌ಹೆಡ್, ನಿಲ್ಲಿಸಿದರೆ ಸಿಸ್ಟೂರಾಗೆ ಏದುಸಿರು, ಹಾಕಿದರೆ ನೊರೆ ಚೂರುಚೂರು.

ಮೊದಲು ಪವರ್‌ಹೆಡ್ ಮುಖವನ್ನು ಗಾಜಿಗೆ ತಿರುಗಿಸಿದೆ. ನೀರು ಬಡಿದು, ಸುತ್ತಿ ಬಂದು, ಸರಿಯಾಗಿ ಗೂಡಿನ ಮೇಲೇ ಬಂತು. ಆಮೇಲೆ ಅಡಿಕೆ ಹಾಳೆ ಅಡ್ಡ ಇಟ್ಟೆ. ಎರಡು ದಿನ ಚೆಂದ ತೇಲಿತು, ಮೂರನೇ ದಿನ ಮೆತ್ತಗಾಗಿ ಮುಳುಗಿತು, ನೀರು ಹಾಲಿಲ್ಲದ ಕಣ್ಣಚಹಾ. ಆಯಿ ನೋಡಿ, "ಇಷ್ಟುದ್ದದ ಮೀನು, ಒಂದು ಸಾರಿಗೂ ಸಾಲೂದಿಲ್ಲ, ಅದಕ್ಕೆ ಇಷ್ಟೆಲ್ಲ ಯಾಕೆ?" ಅಂದಳು. ಉತ್ತರ ಇರಲಿಲ್ಲ.

ಆನ್‌ಲೈನಿನಲ್ಲಿ ಸ್ಪ್ರೇ ಬಾರ್ (ಹರಿವನ್ನು ಸಾಲು ತೂತುಗಳಲ್ಲಿ ಹಂಚುವ ಕೊಳವೆ) ತರಿಸಿದೆ. ಹನ್ನೆರಡು ದಿನಕ್ಕೆ ಬಂತು, ನನ್ನ ಪೈಪಿಗೆ ಕೂರಲಿಲ್ಲ. ಕೇಳಿದರೆ "ಅಡಾಪ್ಟರ್ ಬೇರೆ ತಗೊಳ್ಳಿ ಸರ್". ಅದೇ ಮಹಾಶಯರು ಬಾದಾಮಿ ಎಲೆಯನ್ನು ಹತ್ತರ ಕಟ್ಟು ಮಾಡಿ ಮಾರುತ್ತಾರೆ! ನಮ್ಮಲ್ಲಿ ಅದನ್ನು ಗುಡಿಸಿ ಗುಡಿಸಿ ಸೊಂಟ ಹೋಗಿದೆ.

ಕೊನೆಗೆ ನಲ್ಲಿ ಸಾಮಾನಿನ ಅಂಗಡಿಯಿಂದ ಅರ್ಧ ಇಂಚಿನ ಪಿವಿಸಿ ತಂದು, 2 ಮಿಲಿಮೀಟರ್ ತೂತು ಕೊರೆದು, ಹಿಂಬದಿ ತಳಕ್ಕೆ ಮಲಗಿಸಿದೆ. ಹರಿವು ಕಲ್ಲುಗಳ ನಡುವೆಯೇ ಓಡುತ್ತದೆ. ಎಡ ಮೂಲೆಯ ಒಂದು ಗೇಣು ಜಾಗಕ್ಕೆ ಹಳೇ ಫೈಲಿನ ಪ್ಲಾಸ್ಟಿಕ್ ಹೊದಿಕೆ ಕತ್ತರಿಸಿ, ನೀರಿನ ಮೇಲಿಂದ ನಾಲ್ಕು ಇಂಚು ಆಳಕ್ಕೆ ಪರದೆಯ ಹಾಗೆ ಇಳಿಬಿಟ್ಟೆ. ಪರದೆ ಒಳಗೆ ಕೊಳ, ಹೊರಗೆ ಹಳ್ಳ. ಸುರಿದ ದುಡ್ಡಿನಲ್ಲಿ ಕೆಲಸಕ್ಕೆ ಬಂದದ್ದು ಫೈಲು.

ಅಪ್ಲೋಕೈಲಸ್ ಎಂಬ ಇನ್ನೊಂದು ಜಾತಿಯ ಮೀನುಗಳನ್ನು ಮೊದಲೇ ಹೊರಗಿನ ಸಿಮೆಂಟ್ ತೊಟ್ಟಿಗೆ ಗಡೀಪಾರು ಮಾಡಿದ್ದೆ. ಮರಿ ಕಂಡರೆ ಬಿಡುವವಲ್ಲ. ಅಲ್ಲಿ ಸೊಳ್ಳೆ ಹುಳ ತಿಂದು ದುಂಡಗಾಗಿವೆ.

ತಲೆಯಲ್ಲಿ ಆಗಲೇ ಮುಂದಿನ ಟ್ಯಾಂಕ್ ಓಡುತ್ತಿದೆ: ಅಘನಾಶಿನಿ ಹೊಳೆಯಂಚಿನ ಗಜನಿ ಗದ್ದೆಯ ಹಾಗೆ ಅರೆ ಉಪ್ಪುನೀರು, ಕಿತ್ತಳೆ ಕ್ರೋಮೈಡ್ ಮೀನು, ಜೊತೆಗೆ ದೊಡ್ಡ ಹಸಿರು ಕ್ರೋಮೈಡ್. ಕಿತ್ತಳೆಯದು ದೊಡ್ಡದರ ಮೈ ಹತ್ತಿದ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ, ಸಮಯ ಸಿಕ್ಕರೆ ಅದರ ಮೊಟ್ಟೆಯನ್ನೂ ತಿನ್ನುತ್ತದೆ. ನೆಂಟಸ್ತಿಕೆ ಅಂದ್ರೆ ಹೀಗೆ! ಹಸಿರು ಕ್ರೋಮೈಡಿಗೆ ಮೂರಡಿ ಸಾಲದು. ಇದನ್ನು ಆಯಿಗೆ ಇನ್ನೂ ಹೇಳಿಲ್ಲ.

ಮೊಟ್ಟೆ ಒಡೆಯಲು ಇನ್ನು ಒಂದೆರಡು ದಿನ. ಬರೆಯುತ್ತಿದ್ದ ಹಾಗೆ ಕರೆಂಟು ಹೋಯಿತು. ಸಿಸ್ಟೂರಾಗಾಗಿ ಬ್ಯಾಟರಿ ಪಂಪು ಹುಡುಕಬೇಕು. ಕುಪಾನಸ್‌ಗೆ ಮಾತ್ರ ಇದೇ ಬೇಕಿತ್ತು.