ಚಿಲಕ ಯಾವ ಬದಿಗೆ? ಸುರಂಗದ ಕಿರುಚಿತ್ರ, ಈವರೆಗಿನ ಕೆಲಸ

ನಮ್ಮ ಕಿರುಚಿತ್ರದ ಸೆಟ್ಟು ಎದ್ದು ನಿಂತಿತು. ಕಾಸರಗೋಡಿನ ಬದಿಯಡ್ಕದ ಹತ್ತಿರ ಭಾವನ ಮನೆಯ ಹಳೆಯ ಅಡಿಕೆ ಶೆಡ್ಡಿನೊಳಗೆ ಈಗ 12 ಅಡಿ ಉದ್ದದ ಒಂದು ಸುರಂಗ ಉಂಟು. ಅಗಲ 2 ಅಡಿ. ಎತ್ತರ ತಲೆ ಬಗ್ಗಿಸಿ ನಡೆಯುವಷ್ಟು. ಒಳಗೆ ಹೋದರೆ ಎರಡೂ ಭುಜ ಗೋಡೆಗೆ ಉಜ್ಜುತ್ತವೆ. ನಮಗೆ ಅದೇ ಬೇಕಿತ್ತು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಊರಿಗೆ ಹೊಸದೊಂದು ರೋಗ ಬಂದಿದೆ. ಶ್ವಾಸಕೋಶದಲ್ಲಿ ಬೆಳೆಯುವ ಫಂಗಸ್. ಹಿಡಿದವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಅದು ಸುತ್ತಲಿನ ಆಮ್ಲಜನಕವನ್ನು ವಿಪರೀತ ತಿನ್ನುತ್ತದೆ. ಸುರಂಗ ತೋಡುವ ಒಬ್ಬ ಅಜ್ಜ, ಒಬ್ಬಳು ಆಶಾ ಕಾರ್ಯಕರ್ತೆ, ಗಲ್ಫಿನಿಂದ ರಜೆಗೆ ಬಂದ ಒಬ್ಬ ಹುಡುಗ. ಈ ಮೂವರು ಸುರಂಗದೊಳಗೆ ಇರುವಾಗಲೇ ಬಾಯಿಯ ಕಬ್ಬಿಣದ ಬಾಗಿಲು ಹೊರಗಿನಿಂದ ಮುಚ್ಚುತ್ತದೆ.

ಕಾಸರಗೋಡಿನ ಆಚೆಯವರು ಸುರಂಗ ಅಂದರೆ ರೈಲಿನದ್ದು ಅಂದುಕೊಳ್ಳಬಹುದು. ನಮ್ಮದು ನೀರಿನದ್ದು. ಬಾಯಾರು, ಎಣ್ಮಕಜೆ ಕಡೆ ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆ) ಪಿಕಾಸಿಯಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ, ಒರತೆ ಸಿಗುವವರೆಗೆ. ನೀರು ತನ್ನಿಂದ ತಾನೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಬ್ಬ ಮನುಷ್ಯ ಕೂತು ಕೊರೆಯುವಷ್ಟೇ ಜಾಗ. ಒಳಗೆ ಹೋದಷ್ಟೂ ಗಾಳಿ ಕಡಿಮೆ. ಹಾಗಾಗಿ ತೋಡುವವರು ಮೇಣದಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಾರೆ. ನಮಗೆ ಸಲಹೆ ಕೊಡುವ ಪಕ್ಕದ ಮನೆಯ ಅಜ್ಜ ಹೇಳಿದ್ದು ಇಷ್ಟೇ: "ಬತ್ತಿ ಸಣ್ಣ ಆದ್ರೆ ಮತ್ತೆ ಮಾತಾಡ್ಲಿಕ್ಕೆ ನಿಲ್ಲಬಾರದು ಮಗಾ. ತಿರುಗಿ ಬರುದು."

ಆ ಒಂದು ಮಾತೇ ನಮ್ಮ ಸಿನಿಮಾ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21 ಇರುತ್ತದೆ. 16ರ ಹತ್ತಿರ ಇಳಿದರೆ ಬತ್ತಿ ನಂದುತ್ತದೆ. ನಮ್ಮ ಕಥೆಯಲ್ಲಿ ರೋಗ ಹಿಡಿದವರ ಬಾಯಿಯ ಹತ್ತಿರ ತಂದರೂ ಬತ್ತಿ ಸಣ್ಣದಾಗುತ್ತದೆ. ಅಜ್ಜ ಮೂವರ ಮುಖದ ಮುಂದೂ ಒಂದೊಂದು ಸಲ ಬತ್ತಿ ಹಿಡಿಯುತ್ತಾನೆ. ತನ್ನ ಮುಖದ ಮುಂದೂ.

ಸಿನಿಮಾ ನೋಡಿದವರಿಗೆ ಇದು ಎಲ್ಲಿಂದ ಬಂತು ಅಂತ ಗೊತ್ತಾಗಿರುತ್ತದೆ. ಜಾನ್ ಕಾರ್ಪೆಂಟರ್ 1982ರಲ್ಲಿ ಮಾಡಿದ 'ದ ಥಿಂಗ್'ನಲ್ಲಿ ಅಂಟಾರ್ಕ್ಟಿಕದ ಒಂದು ಕ್ಯಾಂಪು. ಮನುಷ್ಯರ ರೂಪ ತಾಳುವ ಒಂದು ಜೀವಿ ಅಲ್ಲಿ ಸೇರಿಕೊಂಡಿದೆ. ಯಾರು ಮನುಷ್ಯ, ಯಾರು ಅಲ್ಲ ಅಂತ ತಿಳಿಯಲು ಎಲ್ಲರ ರಕ್ತ ತೆಗೆದು ಕಾಯಿಸಿದ ತಂತಿ ಅದ್ದಿ ನೋಡುತ್ತಾರೆ. ಆ ಪರೀಕ್ಷೆಯ ಹೊತ್ತಿನಲ್ಲಿ ಯಾರೂ ಎಲ್ಲಿಗೂ ಓಡುವುದಿಲ್ಲ. ಕೂತಲ್ಲೇ ಇರುತ್ತಾರೆ. ಅದಕ್ಕೇ ಅಷ್ಟು ಹೆದರಿಕೆ. ಲಾಸ್ ಏಂಜಲೀಸಿನ ಸೆಕೆಯಲ್ಲಿ ಸ್ಟುಡಿಯೊದ ಸೆಟ್ಟನ್ನೇ ಫ್ರಿಜ್ಜಿನ ಹಾಗೆ ತಣ್ಣಗೆ ಮಾಡಿ ಶೂಟ್ ಮಾಡಿದರಂತೆ, ಉಸಿರಿನ ಹಬೆ ಕಾಣಲಿ ಅಂತ. ನಮಗೆ ಆ ಖರ್ಚಿಲ್ಲ. ನಮ್ಮಲ್ಲಿ ಬೆವರು ಧಾರಾಳ ಸಿಗುತ್ತದೆ.

ಕಥೆ ಬರೆಯುವ ಮೊದಲು ಈ ಜಾತಿಯ, ಅಂದರೆ ಸೋಂಕಿನ ಭಯದಲ್ಲಿ ಬಾಗಿಲು ಮುಚ್ಚುವ ಸಿನಿಮಾಗಳನ್ನೆಲ್ಲ ಮತ್ತೆ ನೋಡಿದೆವು. ನೋಡುವಾಗ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಬಾಗಿಲ ಚಿಲಕ ಯಾವ ಬದಿಗಿದೆ? ರೋಗ ಯಾವುದು, ಅದು ಎಲ್ಲಿಂದ ಬಂತು ಎನ್ನುವುದಕ್ಕಿಂತ ಇದು ಮುಖ್ಯ ಅಂತ ನನಗೆ ಈಗ ಖಚಿತವಾಗಿ ಅನ್ನಿಸುತ್ತದೆ. 1979ರ 'ಏಲಿಯನ್'ನಲ್ಲಿ ಚಿಲಕ ಬಾಹ್ಯಾಕಾಶ ನೌಕೆಯ ಒಳಗಿನವರ ಕೈಯಲ್ಲಿ. ಮುಖಕ್ಕೆ ಜೀವಿ ಅಂಟಿಕೊಂಡ ಗೆಳೆಯನನ್ನು ಹೊತ್ತು ತಂದವರು ಹೊರಗೆ ನಿಂತಿದ್ದಾರೆ. 24 ಗಂಟೆ ಕ್ವಾರಂಟೈನ್ ನಿಯಮ, ತೆಗೆಯುವುದಿಲ್ಲ ಅನ್ನುತ್ತಾಳೆ ಒಳಗಿರುವ ಅಧಿಕಾರಿ ರಿಪ್ಲಿ. ಅವಳು ಹೇಳಿದ್ದೇ ಸರಿ. ಆದರೂ ಆ ಹೊತ್ತಿಗೆ ನಮಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಅಲ್ವಾ? ಬೇರೊಬ್ಬ ಬಾಗಿಲು ತೆಗೆದುಬಿಡುತ್ತಾನೆ. 2007ರ ಸ್ಪೇನಿನ 'ರೆಕ್'ನಲ್ಲಿ ಚಿಲಕ ಹೊರಗೆ. ಬಾರ್ಸಿಲೋನಾದ ಒಂದು ಅಪಾರ್ಟ್‌ಮೆಂಟು, ಒಳಗೆ ಬಾಡಿಗೆಯವರು, ಅಗ್ನಿಶಾಮಕದವರು, ಟಿವಿಯವರು. ಹೊರಗಿನಿಂದ ಪ್ಲಾಸ್ಟಿಕ್ ಹೊದಿಸಿ ಮುಚ್ಚುತ್ತಾರೆ. ಕಾರಣ ಹೇಳುವುದಿಲ್ಲ. ಇಡೀ ಸಿನಿಮಾಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ನಾವೂ ಸಂಗೀತ ಬೇಡ ಅಂತ ಅಂದೇ ತೀರ್ಮಾನ ಮಾಡಿದೆವು. ನೀರು ತೊಟ್ಟಿಕ್ಕುವ ಸದ್ದು ಸಾಕು.

1971ರ 'ದ ಆಂಡ್ರೊಮೆಡಾ ಸ್ಟ್ರೈನ್' ಭಾವನಿಗೆ ನಿಧಾನ ಅನ್ನಿಸಿತು. ನನಗೆ ತುಂಬಾ ಇಷ್ಟ. ಅಲ್ಲಿ ವಿಜ್ಞಾನಿಗಳು ತಾವಾಗಿಯೇ ನೆಲದಡಿಯ ಐದು ಅಂತಸ್ತು ಇಳಿದು, ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಸೋಂಕು ಹೊರಗೆ ಹೋಗುವ ಹಾಗಾದರೆ ಇಡೀ ಲ್ಯಾಬು ಅಣುಬಾಂಬಿನಿಂದ ಸಿಡಿಯುತ್ತದೆ. ತಡೆಯುವ ಕೀಲಿ ಒಬ್ಬನ ಕೈಯಲ್ಲಿ ಮಾತ್ರ.

ಸೆಟ್ಟಿನ ವಿಷಯಕ್ಕೆ ಬರುತ್ತೇನೆ. ನಿಜವಾದ ಸುರಂಗದಲ್ಲೇ ಶೂಟ್ ಮಾಡಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಷ್ಟು ಜನ, ಅಷ್ಟು ಬತ್ತಿ, ಅಷ್ಟು ಹೊತ್ತು ಒಳಗೆ ಇರುವುದು ಅಪಾಯ. ಇನ್ನೊಂದು, ಅಲ್ಲಿ ಬಾವಲಿಗಳಿರುತ್ತವೆ. ಲೈಟು ಹಾಕಿ ಅವನ್ನು ಎಬ್ಬಿಸುವುದು ಸರಿಯಲ್ಲ. ಬಾವಲಿಯಿಂದಲೇ ರೋಗ ಬಂತು ಅಂತ ಕಥೆ ಮಾಡಿ ಅಂತ ಒಬ್ಬರು ಹೇಳಿದರು. 2018ರಲ್ಲಿ ಕಲ್ಲಿಕೋಟೆ ಕಡೆ ನಿಪಾ ಬಂದ ಮೇಲೆ ಬಾವಲಿ ಕಂಡರೆ ಜನರಿಗೆ ಭಯ. ಆದರೆ ನಿಪಾ ವೈರಸ್ ಇರುವುದು ಮರದಲ್ಲಿ ನೇತಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ. ಸುರಂಗದ ಕತ್ತಲೆಯಲ್ಲಿ ಸೇರಿಕೊಳ್ಳುವುದು ಹೆಚ್ಚಾಗಿ ಹುಳ ತಿನ್ನುವ ಸಣ್ಣ ಜಾತಿ. ಪಾಪದ ಪ್ರಾಣಿಯ ಮೇಲೆ ಸುಮ್ನೆ ಅಪವಾದ ಹೊರಿಸುವುದು ಬೇಡ.

ಹೆಲಿಕಾಪ್ಟರ್ ಕೂಡ ಬಿಟ್ಟೆವು. ಮೊದಲ ಸ್ಕ್ರಿಪ್ಟಿನಲ್ಲಿ ಆಕಾಶದಿಂದ ಔಷಧ ಸಿಂಪಡಿಸುವ ದೃಶ್ಯ ಇತ್ತು. ಇಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ನೇ ಇಸವಿಯವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದಾರೆ. ಅದರಿಂದ ಹಾಸಿಗೆ ಹಿಡಿದ ಮಕ್ಕಳನ್ನು ಈಗಲೂ ನೋಡಿಕೊಳ್ಳುತ್ತಿರುವ ಅಮ್ಮಂದಿರು ನಮ್ಮ ಸಿನಿಮಾ ನೋಡಲು ಬರುತ್ತಾರೆ. ಅವರನ್ನು ಆ ಸದ್ದಿನಿಂದ ಬೆಚ್ಚಿಬೀಳಿಸಲು ನನಗೆ ಮನಸ್ಸು ಬರಲಿಲ್ಲ.

ಗೋಡೆಗೆ ಪ್ಲೈವುಡ್, ಅದರ ಮೇಲೆ ಕೋಳಿಗೂಡಿನ ಬಲೆ, ಅದರ ಮೇಲೆ ಗೋಣಿಚೀಲವನ್ನು ಸಿಮೆಂಟು ನೀರಿನಲ್ಲಿ ಅದ್ದಿ ಹಾಕಿದ್ದೇವೆ. ಕಡೆಗೆ ಮುರಕಲ್ಲಿನ ಪುಡಿ. ಪಿಕಾಸಿಯ ಗೀರುಗಳನ್ನು ಪಕ್ಕದ ಮನೆಯ ಅಜ್ಜನೇ ಕೂತು ಮಾಡಿಕೊಟ್ಟರು. ಗೀರು ಓರೆಯಾಗಿ ಒಂದೇ ಕಡೆಗೆ ಇರಬೇಕು, ಕೂತು ಹೊಡೆದ ಕೈ ಹಾಗೇ ಬೀಳುತ್ತದೆ ಅಂದರು. 12 ಅಡಿಯಲ್ಲಿ ಉದ್ದ ಸುರಂಗ ತೋರಿಸುವುದು ಹೇಗೆ? 1997ರ 'ಕ್ಯೂಬ್'ನಲ್ಲಿ ಕೊನೆಯಿಲ್ಲದಷ್ಟು ಕೋಣೆಗಳು ಕಾಣುತ್ತವೆ, ಆದರೆ ಕಟ್ಟಿದ್ದು ಸುಮಾರು 14 ಅಡಿಯ ಒಂದೇ ಪೂರ್ತಿ ಕೋಣೆ. ಗೋಡೆಯ ಬಣ್ಣ ಬದಲಿಸಿ ಬೇರೆ ಬೇರೆ ಕೋಣೆ ಮಾಡಿದರು. ನಾವು ಎರಡು ಬದಿ ಗೋಡೆಗಳನ್ನು ಅದಲುಬದಲು ಮಾಡುತ್ತೇವೆ. ಒಂದು ಸಲ ಒಣ ಗೋಡೆ, ಒಂದು ಸಲ ನೀರು ಒಸರುವ ಗೋಡೆ. ಇಲ್ಲಿಯವರೆಗೆ ತೆಗೆದ ಶಾಟುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ.

ಬತ್ತಿ ಸಣ್ಣದಾಗುವ ದೃಶ್ಯಕ್ಕೆ ಕಂಪ್ಯೂಟರ್ ಬಳಸಿಲ್ಲ. ಕ್ಯಾಮೆರಾ ಬದಿಯಲ್ಲಿ ಕೂತವರು ಸಣ್ಣ ಚಿಮಿಣಿ ದೀಪದ ಬತ್ತಿಯನ್ನು ಕೆಳಗಿನಿಂದ ಮೆಲ್ಲ ಇಳಿಸುತ್ತಾರೆ. ಮೇಣದ ಕೊಳವೆಯೊಳಗೆ ದೀಪ ಅಡಗಿದೆ. ನಟರ ಮುಖದ ನೆರಳೂ ಅದರ ಜೊತೆಗೇ ಬದಲಾಗುತ್ತದೆ. ಆ ಶಾಟ್ ನೋಡಿ ನನಗೆ ತುಂಬಾ ಖುಷಿಯಾಯಿತು.

ಉಳಿದಿರುವುದು ಬಾಗಿಲ ದೃಶ್ಯ. ಹೊರಗಿನಿಂದ ಮೈಕಿನಲ್ಲಿ ಆದೇಶ ಬರುತ್ತದೆ, ಮಲಯಾಳದಲ್ಲಿ. ಒಳಗಿನ ಅಜ್ಜನಿಗೆ ಕನ್ನಡ, ತುಳು ಬಿಟ್ಟು ಬೇರೆ ಸರಿಯಾಗಿ ಬಾರದು. ಆಶಾ ಕಾರ್ಯಕರ್ತೆ ಕೇಳಿ ಕನ್ನಡದಲ್ಲಿ ಹೇಳಬೇಕು. ಅವಳು ಎಲ್ಲವನ್ನೂ ಹೇಳುತ್ತಾಳೋ, ಅರ್ಧ ನುಂಗುತ್ತಾಳೋ? ಗಲ್ಫಿನ ಹುಡುಗನಿಗೆ ಎರಡೂ ಬರುತ್ತದೆ. ಅವನು ಸುಮ್ಮನಿದ್ದಾನೆ. 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮವರು ಈಚೆ ಉಳಿದರು. ಆಗ ನಾವೆಲ್ಲ ಎರಡು ಭಾಷೆಯ ಸುದ್ದಿ ಕೇಳಿ ಯಾವುದನ್ನು ನಂಬುವುದು ಅಂತ ಕೂತವರೇ. ಈ ದೃಶ್ಯಕ್ಕೆ ಬೇಕಾದ್ದು ಆ ಹೊತ್ತಿನ ಮುಖಗಳು.

ಮೈಕಿನ ಧ್ವನಿ ಗದರುವಂತಿರಬಾರದು. ದಿನಾ ಇದೇ ಕೆಲಸ ಮಾಡಿ ಸುಸ್ತಾದ, ಆದರೂ ಮರ್ಯಾದೆಯಿಂದ ಮಾತಾಡುವ ಹೆಂಗಸಿನ ಧ್ವನಿ ಬೇಕು. ಕಾಞಂಗಾಡಿನ ಒಬ್ಬ ಟೀಚರ್ ಒಪ್ಪಿದ್ದಾರೆ. ಶೆಡ್ಡಿನ ತಗಡಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ಸಾಧ್ಯವಿಲ್ಲ, ಆದ್ದರಿಂದ ಮಳೆಗಾಲ ಹಿಡಿಯುವ ಮೊದಲು ಈ ದೃಶ್ಯ ಮುಗಿಸಬೇಕು. ಎಡಿಟಿಂಗನ್ನು ಮಳೆಗಾಲದಲ್ಲಿ ಮಾಡಬಹುದು.